ಅರ್ಧ ಮನೆಗೆ ಕರೆಂಟಿದೆ, ಇನ್ನರ್ಧಕ್ಕೆ ಇಲ್ಲ

ಪೂರ್ತಿ ಕರೆಂಟ್ ಹೋದರೆ ಸುಮ್ಮನೆ ಕಾಯಬಹುದು. ಹಾಲಿನಲ್ಲಿ ಫ್ಯಾನ್ ತಿರುಗುತ್ತಿದ್ದು, ಅಡುಗೆಮನೆಯಲ್ಲಿ ಮಿಕ್ಸಿ ಮಾತ್ರ ಸತ್ತಿದ್ದರೆ ಅದು ಕಾಯುವ ಕೇಸಲ್ಲ. ಎಲ್ಲಿ ಹೋಗಿದೆ ಎಂದು ಸರಿಯಾಗಿ ನೋಡಿಕೊಂಡರೆ ಏಕೆ ಹೋಗಿದೆ ಎಂಬುದು ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತದೆ. ಎಲೆಕ್ಟ್ರಿಷಿಯನ್ ಬರುವ ಮೊದಲು ನೀವೇ ನೋಡಬಹುದಾದ್ದನ್ನು ಇಲ್ಲಿ ಬರೆದಿದ್ದೇನೆ. ಬೋರ್ಡಿನ ಮುಚ್ಚಳ ಬಿಚ್ಚುವ ಕೆಲಸ ಇದರಲ್ಲಿ ಒಂದೂ ಇಲ್ಲ.

1. ಮೊದಲು ದೀಪಗಳನ್ನು ನೋಡಿ. ಒಂದು ಕೋಣೆಯ ದೀಪ ಮಂಕಾಗಿ, ಇನ್ನೊಂದರದು ಕಣ್ಣು ಕುಕ್ಕುವಂತೆ ಉರಿಯುತ್ತಿದ್ದರೆ, ಫ್ಯಾನ್ ಎಂದೂ ಇಲ್ಲದ ವೇಗದಲ್ಲಿ ತಿರುಗುತ್ತಿದ್ದರೆ, ಉಳಿದದ್ದನ್ನು ಆಮೇಲೆ ಓದಿ. ಈಗಲೇ ಮೇನ್ ಆಫ್ ಮಾಡಿ. ತ್ರೀ ಫೇಸ್ ಮನೆಯಲ್ಲಿ ನ್ಯೂಟ್ರಲ್ ಕಡಿದುಹೋದ ಲಕ್ಷಣ ಅದು. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಇರುವುದು 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400. ನ್ಯೂಟ್ರಲ್ ಕೈಕೊಟ್ಟಾಗ ಎರಡು ಫೇಸಿನ ಸಾಮಾನುಗಳು ಆ 400 ವೋಲ್ಟನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ, ಹಂಚಿಕೆಯೋ ತೀರಾ ಅನ್ಯಾಯದ್ದು. ಒಂದು ಕಡೆ 2000 ವ್ಯಾಟಿನ ಗೀಸರ್, ಇನ್ನೊಂದು ಕಡೆ ಬರೀ 60 ವ್ಯಾಟಿನ ಹಳೇ ಬಲ್ಬ್ ಇದ್ದರೆ ಬಲ್ಬಿನ ಪಾಲಿಗೆ 390 ವೋಲ್ಟಿನ ಹತ್ತಿರ ಬಂದು ಬೀಳುತ್ತದೆ. ಅಲ್ಲಿ ಬಲ್ಬಿನ ಬದಲು ಟಿವಿಯೋ ಫ್ರಿಜ್ಜೋ ಇದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಎಂಸಿಬಿ ಕಾಪಾಡುತ್ತದೆ ಎಂದು ನಂಬಬೇಡಿ. ಅದು ಬೀಳುವುದು ಕರೆಂಟ್ ಹೆಚ್ಚಾದಾಗ, ವೋಲ್ಟೇಜ್ ಹೆಚ್ಚಾದಾಗಲ್ಲ.

2. ಯುಪಿಎಸ್ ಆಫ್ ಮಾಡಿ ನೋಡಿ. ದೀಪ, ಫ್ಯಾನ್ ಎಲ್ಲ ಇದೆ, ಪ್ಲಗ್ ಪಾಯಿಂಟ್ ಒಂದೂ ಇಲ್ಲ ಎನ್ನುವವರ ಮನೆಯಲ್ಲಿ ಬಹಳ ಸಲ ಕರೆಂಟೇ ಇರುವುದಿಲ್ಲ. ಅಷ್ಟೂ ಬ್ಯಾಟರಿಯ ಕೃಪೆ. ಇದೇ ತಿರುಗುಮುರುಗಾಗಿ, ಫ್ರಿಜ್ ಓಡುತ್ತಿದ್ದು ದೀಪಗಳು ಮಾತ್ರ ಇಲ್ಲವೆಂದರೆ ಯುಪಿಎಸ್ ಓವರ್‌ಲೋಡ್ ಆಗಿ ನಿಂತಿರಬಹುದು. ಅದರ ಲೈನಿಗೆ ಇಸ್ತ್ರಿಪೆಟ್ಟಿಗೆ ಹಾಕಿದವರು ಯಾರೆಂದು ಮನೆಯಲ್ಲಿ ವಿಚಾರಿಸಿ.

3. ಮೀಟರ್ ಹತ್ತಿರ ಹೋಗಿ. ತ್ರೀ ಫೇಸಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಸಾಮಾನ್ಯವಾಗಿ ಮೂರು ಫೇಸಿಗೂ ಒಂದೊಂದು ಗುರುತು ಇರುತ್ತದೆ. ಅದರಲ್ಲಿ ಒಂದು ಕಾಣದಿದ್ದರೆ ತೊಂದರೆ ನಿಮ್ಮ ಮನೆಯೊಳಗಿನದಲ್ಲ. ಕಂಬದ ಜಾಯಿಂಟ್, ಟ್ರಾನ್ಸ್‌ಫಾರ್ಮರಿನ ಫ್ಯೂಸ್, ಸರ್ವಿಸ್ ವೈರ್, ಇವುಗಳಲ್ಲಿ ಒಂದು. ಮಳೆಗಾಲ ಶುರುವಾದಾಗ ಅಲ್ಯೂಮಿನಿಯಂ ವೈರಿನ ಜಾಯಿಂಟ್‌ಗಳು ಹೀಗೆ ಕೈಕೊಡುವುದು ಮಾಮೂಲು. ಪಕ್ಕದ ಮನೆಯಲ್ಲೂ ಅರ್ಧವೇ ಇದೆಯಾ ಕೇಳಿ. ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಕೈಯಲ್ಲಿಟ್ಟುಕೊಂಡು 1912ಕ್ಕೆ ಫೋನ್ ಮಾಡಿ. ಮೀಟರಿನ ಸೀಲ್ ಮುಟ್ಟಬೇಡಿ, ಕಂಬ ಹತ್ತುವ ಹುಡುಗನನ್ನು ಹುಡುಕಬೇಡಿ.

4. ಎಂಸಿಬಿಯನ್ನು ಬೆರಳಿನಿಂದ ಪರೀಕ್ಷಿಸಿ. ಟ್ರಿಪ್ ಆದ ಎಂಸಿಬಿಯ ಗುಂಡಿ ಎಷ್ಟೋ ಸಲ ಪೂರ್ತಿ ಕೆಳಗೆ ಬಿದ್ದಿರುವುದಿಲ್ಲ, ನಡುವೆ ನಿಂತಿರುತ್ತದೆ. ದೂರದಿಂದ ಆನ್ ಇದ್ದಂತೆಯೇ ಕಾಣುತ್ತದೆ. ಪೂರ್ತಿ ಕೆಳಗೊತ್ತಿ ಆಮೇಲೆ ಮೇಲೆತ್ತಬೇಕು. ಒಂದು ಸಲ ಎತ್ತಿ. ತಕ್ಷಣ ಬಿದ್ದರೆ ಮತ್ತೆ ಮತ್ತೆ ಎತ್ತುವ ಹಟ ಬೇಡ, ಎಲ್ಲೋ ಶಾರ್ಟ್ ಇದೆ. ಹಳೇ ಮನೆಯ ಪಿಂಗಾಣಿ ಫ್ಯೂಸ್ ಕ್ಯಾರಿಯರ್‌ಗೂ ಇದೇ ಮಾತು. ತಂತಿ ಪದೇ ಪದೇ ಹೋಗುತ್ತದೆ ಎಂದು ದಪ್ಪ ತಾಮ್ರದ ಎಳೆ ಸುತ್ತಿಟ್ಟರೆ ಮುಂದಿನ ಸಲ ಫ್ಯೂಸ್ ಉಳಿದು ಗೋಡೆಯೊಳಗಿನ ವೈರ್ ಸುಡುತ್ತದೆ.

5. ಆರ್‌ಸಿಸಿಬಿ ಬಿದ್ದಿದ್ದರೆ ಕಳ್ಳನನ್ನು ಒಂದೊಂದಾಗಿ ಹುಡುಕಿ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಲ್ಪ ಸೋರಿಕೆಗೂ ಬೀಳುತ್ತದೆ, ಬೀಳಬೇಕಾದದ್ದೂ ಹೌದು. ಕೆಲವು ಮನೆಗಳಲ್ಲಿ ಫೇಸಿಗೊಂದರಂತೆ ಇರುವುದರಿಂದ ಒಂದು ಬಿದ್ದರೆ ಮನೆಯ ಒಂದು ಭಾಗ ಮಾತ್ರ ಕತ್ತಲಾಗುತ್ತದೆ. ಅದರ ಕೆಳಗಿನ ಎಂಸಿಬಿಗಳನ್ನೆಲ್ಲ ಇಳಿಸಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಅದೇ ಲೈನಿನಲ್ಲಿ ಸೋರಿಕೆ. ನನ್ನ ಮೊದಲ ಅನುಮಾನ ಯಾವಾಗಲೂ ಗೀಸರಿನ ಕಾಯಿಲ್ ಮೇಲೆ, ಎರಡನೆಯದು ಮಳೆನೀರು ಇಳಿದ ಹೊರಗಿನ ಸ್ವಿಚ್‌ಬಾಕ್ಸ್ ಮೇಲೆ.

ಎಲ್ಲಾ ಎಂಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ? ಸಾಮಾನ್ಯ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಉಳಿದಿರುತ್ತದೆ. ನ್ಯೂಟ್ರಲ್ ಎಲ್ಲೋ ಅರ್ತಿಗೆ ತಾಗಿದ್ದರೂ ಹೀಗಾಗುತ್ತದೆ. ಆದ್ದರಿಂದ ಎಲ್ಲಾ ಪ್ಲಗ್‌ಗಳನ್ನೂ ಕಿತ್ತು ಇನ್ನೊಮ್ಮೆ ನೋಡಿ. ಆಗಲೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬರಲಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡುತ್ತೇನೆ ಎನ್ನುವವನು ಬೇಡ.

6. ಟೆಸ್ಟರನ್ನು ಅರ್ಧ ಮಾತ್ರ ನಂಬಿ. ಕರೆಂಟಿಲ್ಲದ ಪ್ಲಗ್ಗಿಗೆ ಹಾಕಿದರೂ ಕೆಲವು ಸಲ ಟೆಸ್ಟರ್ ಉರಿಯುತ್ತದೆ, ಮಿಕ್ಸಿ ಮಾತ್ರ ಓಡುವುದಿಲ್ಲ. ಪಕ್ಕದ ತೂತಿಗೆ ಹಾಕಿ ನೋಡಿ. ಅಲ್ಲೂ ಉರಿದರೆ ಆ ಲೈನಿನ ನ್ಯೂಟ್ರಲ್ ಬಿಟ್ಟುಹೋಗಿದೆ. ಅದೇ ಲೈನಿನಲ್ಲಿ ಆನ್ ಇರುವ ದೀಪವೋ ಫ್ಯಾನೋ ದಾಟಿ ಬಂದ ಫೇಸ್ ನ್ಯೂಟ್ರಲ್ಲಿನ ಕಪ್ಪು ವೈರಿನಲ್ಲಿ ಕೂತಿರುತ್ತದೆ. ಕಪ್ಪು ವೈರ್ ಎಂದರೆ ಶಾಕ್ ಇಲ್ಲ ಎಂದು ಮುಟ್ಟುವವರು ಸಿಕ್ಕಿಬೀಳುವುದು ಇಲ್ಲೇ. ಎರಡೂ ತೂತಿನಲ್ಲಿ ಉರಿಯದಿದ್ದರೆ ಫೇಸೇ ಬರುತ್ತಿಲ್ಲ.

7. ಮೂಗು ಬಳಸಿ. ಸುಟ್ಟ ಪ್ಲಾಸ್ಟಿಕ್ ವಾಸನೆ, ಕಂದು ಬಣ್ಣಕ್ಕೆ ತಿರುಗಿದ ಸಾಕೆಟ್, ಕೈಯಿಟ್ಟರೆ ಬಿಸಿ ಎನಿಸುವ ಸ್ವಿಚ್, ಚಿರ್ ಎನ್ನುವ ಸದ್ದು: ಇವುಗಳಲ್ಲಿ ಒಂದಿದ್ದರೂ ಆ ಎಂಸಿಬಿ ಇಳಿಸಿ ಹಾಗೇ ಬಿಡಿ. ಸಡಿಲ ಸ್ಕ್ರೂ ಬಿಸಿಯಾಗಿ ಕೊನೆಗೆ ಕಾಂಟ್ಯಾಕ್ಟ್ ಸುಟ್ಟುಕೊಂಡಿರುತ್ತದೆ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಪ್ಲಗ್ಗಿಗೆ ಕನ್ವರ್ಟರ್ ಹಾಕಿ ಸಿಕ್ಕಿಸಿದ್ದರೆ ಕಾರಣ ಹುಡುಕುವ ಕೆಲಸ ಅಲ್ಲಿಗೇ ಮುಗಿಯಿತು.

8. ತೋಟದ ಮನೆಯವರ ಲೆಕ್ಕ ಬೇರೆ. ಪಂಪ್‌ಸೆಟ್ ಲೈನಿನ ಮೇಲಿರುವ ಮನೆಗಳಿಗೆ ತ್ರೀ ಫೇಸ್ ಬರುವುದು ದಿನದ ಕೆಲವು ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ ಅರ್ಧ ಮನೆ ಸತ್ತಿದ್ದರೆ ಅದು ರಿಪೇರಿಯ ವಿಷಯವಲ್ಲ, ಟೈಮಿನ ವಿಷಯ. ಆದರೆ ಒಂದು ಫೇಸ್ ಇಲ್ಲದಾಗ ತ್ರೀ ಫೇಸ್ ಮೋಟಾರ್ ಗುಂಯ್ ಎನ್ನುತ್ತಾ ನಿಂತಲ್ಲೇ ಬಿಸಿಯಾಗುತ್ತದೆ, ವೈಂಡಿಂಗ್ ಸುಡಲು ಬಹಳ ಹೊತ್ತು ಬೇಡ. ಸ್ಟಾರ್ಟರನ್ನು ಆಟೋದಲ್ಲಿ ಬಿಟ್ಟು ಪೇಟೆಗೆ ಹೋಗುವವರು ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿಕೊಳ್ಳಲಿ. ಅದರ ಬೆಲೆಗಿಂತ ರಿವೈಂಡಿಂಗ್ ಖರ್ಚು ಎಷ್ಟೋ ಹೆಚ್ಚು.

9. ಫೇಸ್ ಬದಲಿಸುವ ಸ್ವಿಚ್ ಇದ್ದರೆ ಲೋಡ್ ನೋಡಿ ತಿರುಗಿಸಿ. ಒಂದು ಫೇಸ್ ಇಲ್ಲದಾಗ ಆ ಕೋಣೆಯನ್ನು ಇನ್ನೊಂದಕ್ಕೆ ಹಾಕಿಕೊಳ್ಳುವುದು ತಪ್ಪಲ್ಲ, ಅದಕ್ಕೇ ಅದು ಇರುವುದು. ಗೀಸರ್, ಏಸಿ ಆಫ್ ಮಾಡಿ ತಿರುಗಿಸಿ. ಮಂಕು ದೀಪ ಇದ್ದ ಮನೆಯವರು ಮಾತ್ರ ಇದನ್ನು ಮುಟ್ಟದೆ ಮೇನ್ ಆಫಿನಲ್ಲೇ ಇರಿ.

10. ಫೋನಿನಲ್ಲಿ ಸರಿಯಾಗಿ ಹೇಳಿ. "ಕರೆಂಟಿಲ್ಲ, ಬೇಗ ಬನ್ನಿ" ಎಂದರೆ ಲೈನ್‌ಮನ್ ಫ್ಯೂಸ್ ತಂತಿ ಹಿಡಿದು ಬರುತ್ತಾರೆ. "ಮೂರರಲ್ಲಿ ಒಂದು ಫೇಸ್ ಮೀಟರಿನಲ್ಲೇ ಕಾಣುತ್ತಿಲ್ಲ, ಪಕ್ಕದ ಎರಡು ಮನೆಯಲ್ಲೂ ಹೀಗೇ" ಎಂದರೆ ಏಣಿ ತರುತ್ತಾರೆ.