ಗುಜರಿಗೆ ಹಾಕುವ ಮುನ್ನ: ಹಳೇ 5.1 ಸ್ಪೀಕರಿಗೆ ಏಳು ಸೂತ್ರ

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿತಲ್ಲ, ಹಲಸೂರಿನ ನಮ್ಮ ಮನೆಯ ಕಂಪ್ಯೂಟರ್ ಅದಕ್ಕಿಂತ ಒಂದು ವರ್ಷ ಹಿರಿಯ. ಜೊತೆಗೆ ಬಂದ 5.1 ಸ್ಪೀಕರ್ ಸೆಟ್ ಇನ್ನೂ ಹಾಡುತ್ತದೆ. ಹಿಂಬದಿಯ ಎಡಗಡೆಯದು ಮಾತ್ರ ಮನಸ್ಸು ಬಂದಾಗ ಹಾಡುತ್ತಿತ್ತು. ಶಿವಾಜಿನಗರದ ರಿಪೇರಿ ಅಂಗಡಿಯೊಂದರಲ್ಲಿ ‘ಬೋರ್ಡ್ ಹೋಗಿದೆ ಸಾರ್, ಹೊಸದು ತಗೊಳ್ಳಿ’ ಅಂದರು. ಕೆಟ್ಟಿದ್ದು ಬೋರ್ಡಲ್ಲ, ಒಂದು ಪಿನ್ನು. ಅದನ್ನು ಹುಡುಕಿದ ದಾರಿ ಇದು.

1. ಬಣ್ಣ ನೋಡಿ. ಹಸಿರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ಸೆಂಟರ್ ಮತ್ತು ಊಫರಿಗೆ. ಕಂಪ್ಯೂಟರಿನಲ್ಲಿ ಮೂರೇ ತೂತಿದ್ದರೆ ಸಾಮಾನ್ಯವಾಗಿ ನೀಲಿಯೇ ಕಪ್ಪಿನ ಕೆಲಸ, ಗುಲಾಬಿಯೇ ಕಿತ್ತಳೆಯ ಕೆಲಸ ಮಾಡುತ್ತದೆ.

2. ಕಂಪ್ಯೂಟರಿಗೂ ಹೇಳಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ಸ್ಪೀಕರ್ ಆರಿಸಿ, ‘ಕಾನ್ಫಿಗರ್’ ಒತ್ತಿ, 5.1 ಕೊಡಿ. ಲಿನಕ್ಸಿನಲ್ಲಾದರೆ ‘ಅನಲಾಗ್ ಸರೌಂಡ್ 5.1’ ಪ್ರೊಫೈಲ್ ಆರಿಸಿ. ಸ್ಟೀರಿಯೊದಲ್ಲೇ ಬಿಟ್ಟರೆ ಹಿಂದಿನವು ಬಾಯಿ ಬಿಡುವುದಿಲ್ಲ.

3. ಹಾಡು ಹಾಕಿ ಪರೀಕ್ಷೆ ಮಾಡಬೇಡಿ. ಬಹುತೇಕ ಹಾಡುಗಳಲ್ಲಿ ಇರುವುದು ಎರಡೇ ಚಾನೆಲ್. ಸೆಟ್ಟಿಂಗಿನಲ್ಲಿರುವ ‘ಟೆಸ್ಟ್’ ಒತ್ತಿ, ಒಂದೊಂದೇ ಸ್ಪೀಕರ್ ಕೇಳಿ.

4. ಅದಲು ಬದಲು ಮಾಡಿ. ಕಪ್ಪು ಪಿನ್ನನ್ನು ಹಸಿರು ತೂತಿಗೆ ಚುಚ್ಚಿ. ಹಿಂದಿನ ಎರಡೂ ಹಾಡಿದರೆ ತೊಂದರೆ ಕಂಪ್ಯೂಟರಿನ ಕಡೆಯದು. ಹಾಡದಿದ್ದರೆ ಊಫರ್ ಹಿಂಬದಿಯಲ್ಲಿ ಎಡ-ಬಲ ವೈರು ಬದಲಿಸಿ. ಆಗಲೂ ಅದೇ ಸ್ಪೀಕರ್ ಮೌನವಾಗಿದ್ದರೆ ಕೆಟ್ಟಿರುವುದು ಅದು ಅಥವಾ ಅದರ ವೈರು. ಮೌನ ಇನ್ನೊಂದಕ್ಕೆ ಹೋದರೆ ಪಿನ್ನಿನ ಕೇಬಲ್ಲನ್ನೋ ಆಂಪ್ಲಿಫೈಯರನ್ನೋ ಶಂಕಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ನೆನಪಿರಲಿ.

5. ಪಿನ್ ಒರೆಸಿ. 3.5 ಮಿ.ಮೀ. ಪಿನ್ನಿನ ತುದಿ ಎಡ ಚಾನೆಲ್, ನಡುವಿನ ಪಟ್ಟಿ ಬಲ, ಬುಡ ಗ್ರೌಂಡ್. ನಮ್ಮ ಮನೆಯ ಕಪ್ಪು ಪಿನ್ನಿನ ತುದಿಗೆ ಮಾತ್ರ ಮಸಿಯಂತೆ ಕಲೆ ಹಿಡಿದಿತ್ತು. ಬೆರಳಲ್ಲಿ ತಿರುಗಿಸಿದರೆ ಕರಕರ ಅಂದು ಸದ್ದು ಬರುವುದು, ಬಿಟ್ಟರೆ ಹೋಗುವುದು. ಸ್ವಿಚ್ ಆಫ್ ಮಾಡಿ, ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಒರೆಸಿದೆ. ಒಣಗಿದ ಮೇಲೆ ತೂತಿನಲ್ಲಿ ಹತ್ತು ಸಲ ಹಾಕಿ ತೆಗೆದೆ. ಸರಿಹೋಯಿತು.

6. ಗುಂಯ್‌ ಅನ್ನುವ ಸದ್ದಿಗೆ ಪ್ಲಗ್ ನೋಡಿ. ನಮ್ಮ ಕರೆಂಟಿನ 50 ಹರ್ಟ್ಸ್ ಗುನುಗು ಅದು. ಕೆ.ಆರ್. ಪುರದ ತಮ್ಮನ ಮನೆಯಲ್ಲಿ ಕಂಪ್ಯೂಟರ್ ಒಂದು ಗೋಡೆಗೆ, ಊಫರ್ ಇನ್ನೊಂದು ಗೋಡೆಗೆ ಇತ್ತು. ಎರಡನ್ನೂ ಒಂದೇ ಮೂರು ಪಿನ್ನಿನ ಬೋರ್ಡಿಗೆ ಹಾಕಿದ್ದೇ ತಣ್ಣಗಾಯಿತು. ಅರ್ಥ್ ಪಿನ್ ಮುರಿಯುವ ಉಪಾಯ ಯಾರು ಹೇಳಿದರೂ ಕೇಳಬೇಡಿ. ಆಡಿಯೊ ಪಿನ್ ಕಿತ್ತರೂ ಗುನುಗುತ್ತಿದ್ದರೆ ಒಳಗಿನ ಕೆಪಾಸಿಟರ್ ಸತ್ತಿರಬಹುದು. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಮೆಕ್ಯಾನಿಕ್ಕಿಗೇ ಬಿಡಿ.

7. ಕಾಸು ಕೊನೆಗೆ ಬಿಚ್ಚಿ. ಕಂಪ್ಯೂಟರಿನ ತೂತೇ ಸವೆದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ಸಾಕು. ಡಬ್ಬಿಯ ಮೇಲೆ ‘7.1’ ಎಂದಿದ್ದರೂ ಹೆಡ್‌ಫೋನಿಗೆ ಒಂದೇ ತೂತಿರುವುದು ನಮಗೆ ಬೇಡ. ಸ್ಪೀಕರಿಗೆಂದೇ ಮೂರು ತೂತು ಬೇಕು, ಎಣಿಸಿಯೇ ತೆಗೆದುಕೊಳ್ಳಿ.

ಅಂಗಡಿಗೆ ಹೋಗಲೇಬೇಕಾದರೆ ‘ಸೌಂಡ್ ಬರ್ತಿಲ್ಲ’ ಅನ್ನಬೇಡಿ. ‘ಕಪ್ಪು ಪಿನ್ನಿನ ಎಡ ಚಾನೆಲ್ ಬರ್ತಿಲ್ಲ, ಪಿನ್ ಬದಲಿಸಿಕೊಡಿ’ ಅನ್ನಿ. ಆಮೇಲೆ ಬೋರ್ಡಿನ ಮಾತು ಎತ್ತುವವರು ಕಡಿಮೆ.