ಜಲಜನಕ ಬಂಧವೂ ಬೃಹದಣುಗಳ ಸೂಕ್ಷ್ಮರಚನೆಯೂ

ದುರ್ಬಲವಾದುದು ನಿರುಪಯುಕ್ತವೆಂಬುದು ಲೋಕದ ಸಾಮಾನ್ಯ ಭಾವನೆ. ಇದು ಎಲ್ಲೆಡೆಯೂ ಸಲ್ಲದೆಂಬುದಕ್ಕೆ ರಸಾಯನಶಾಸ್ತ್ರದ ಜಲಜನಕ ಬಂಧವು ಉತ್ತಮ ನಿದರ್ಶನವಾಗಿದೆ.

ಗ್ರೀಕ್ ಭಾಷೆಯಲ್ಲಿ ‘ಪಾಲಿ’ ಎಂದರೆ ಬಹು, ‘ಮೆರೋಸ್’ ಎಂದರೆ ಭಾಗ. ಚಿಕ್ಕ ಘಟಕಗಳು ಸಾಲಾಗಿ ಬೆಸೆದುಕೊಂಡು ಆದ ದೀರ್ಘ ಸರಪಳಿಯೇ ಪಾಲಿಮರ್. ಇಂತಹ ಬೃಹದಣುಗಳುಂಟೆಂದು 1920ರಲ್ಲಿ ಪ್ರತಿಪಾದಿಸಿದವರು ಜರ್ಮನಿಯ ಹರ್ಮನ್ ಸ್ಟೌಡಿಂಗರ್. ಅವರಿಗೆ 1953ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಪರಸ್ಪರ ಬೆರೆಯದ ಎರಡು ಸರಪಳಿಗಳನ್ನು ತುದಿಗೆ ತುದಿ ಬೆಸೆದರೆ ಬ್ಲಾಕ್ ಕೋಪಾಲಿಮರ್ ಆಗುತ್ತದೆ. ಎಣ್ಣೆ ನೀರುಗಳಂತೆ ಅವು ಅಗಲಬಯಸುತ್ತವೆ. ಬೆಸುಗೆಯಿರುವ ಕಾರಣ ದೂರ ಸರಿಯಲಾರವು. ಆದುದರಿಂದ 10ರಿಂದ 100 ನ್ಯಾನೋಮೀಟರುಗಳ ಅಳತೆಯಲ್ಲಿಯೇ ಬೇರ್ಪಟ್ಟು, ತಮ್ಮ ತಮ್ಮ ಪ್ರಮಾಣಕ್ಕೆ ತಕ್ಕಂತೆ ಗೋಳ, ಸ್ತಂಭ, ಪದರ ಮುಂತಾದ ಆಕಾರಗಳನ್ನು ತಾಳುತ್ತವೆ. ನ್ಯಾನೋಮೀಟರ್ ಎಂಬುದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಈ ಆಕಾರವನ್ನು ಬದಲಿಸಲು ಹೊಸ ಸರಪಳಿಯನ್ನೇ ನಿರ್ಮಿಸಬೇಕೆ? ಬೇಕಿಲ್ಲವೆಂದು 1990ರ ದಶಕದಲ್ಲಿ ಫಿನ್‌ಲೆಂಡಿನ ಒಲ್ಲಿ ಇಕ್ಕಲ, ನೆದರ್‌ಲೆಂಡ್ಸಿನ ಗೆರಿಟ್ ಟೆನ್ ಬ್ರಿಂಕೆ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಪಾಲಿಸ್ಟೈರೀನ್ ಹಾಗೂ ಪಾಲಿವಿನೈಲ್‌ಪಿರಿಡೀನ್ ಖಂಡಗಳುಳ್ಳ ಸರಪಳಿಗೆ ಅವರು ಪೆಂಟಡೆಸೈಲ್‌ಫೀನಾಲನ್ನು ಬೆರೆಸಿದರು. ಅದರ ಜಲಜನಕವು ಪಿರಿಡೀನಿನ ಸಾರಜನಕಕ್ಕೆ ಒಲಿದು ಅಂಟಿಕೊಳ್ಳುತ್ತದೆ. ಸರಪಳಿಗೆ ಬಾಚಣಿಗೆಯಂತೆ ಹಲ್ಲುಗಳು ಮೂಡುತ್ತವೆ. ಆ ಖಂಡದ ಗಾತ್ರವು ಹಿಗ್ಗುವುದರಿಂದ, ಬೆರಕೆಯ ಪ್ರಮಾಣವನ್ನು ಹೊಂದಿಸಿಯೇ ಸ್ತಂಭಗಳನ್ನು ಪದರಗಳನ್ನಾಗಿಸಬಹುದು. ಅಷ್ಟೇ ಅಲ್ಲ, ಆ ಖಂಡದೊಳಗೆಯೇ ಸುಮಾರು 4 ನ್ಯಾನೋಮೀಟರಿನ ಎರಡನೆಯ ಪದರವಿನ್ಯಾಸವೂ ಏರ್ಪಡುತ್ತದೆ. ಹಿರಿದರೊಳಗೆ ಕಿರಿದು ಅಡಗಿದಂತಾಯಿತು.

ಇಂಗಾಲದ ಪರಮಾಣುಗಳ ನಡುವಣ ಬಂಧಕ್ಕೆ ಹೋಲಿಸಿದರೆ ಜಲಜನಕ ಬಂಧದ ಬಲವು ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲನ್ನೂ ಮುಟ್ಟದು. ಈ ದೌರ್ಬಲ್ಯವೇ ಇಲ್ಲಿ ಗುಣ. ಸಂಧಿಯಾದ ಪದಗಳನ್ನು ಅರ್ಥಕ್ಕೆ ಕುಂದಿಲ್ಲದಂತೆ ಬಿಡಿಸಿ ಮತ್ತೆ ಕೂಡಿಸುವಂತೆ, ಈ ಬಂಧವನ್ನೂ ಬಿಡಿಸಿ ಕೂಡಿಸಬಹುದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾಸಿದರೆ ಒಳಗಿನ ಕಿರಿಯ ವಿನ್ಯಾಸವು ಅಳಿಯುತ್ತದೆ; ಆರಿಸಿದರೆ ಮರಳಿ ಮೂಡುತ್ತದೆ. ಮದ್ಯಸಾರದಲ್ಲಿ ತೊಳೆದರೆ ಫೀನಾಲು ಕರಗಿಹೋಗಿ ನ್ಯಾನೋಮೀಟರುಗಳ ಅಳತೆಯ ರಂಧ್ರಗಳು ಉಳಿಯುತ್ತವೆ. ಸೋಸುವ ಪೊರೆಗಳಿಗೆ ಇಂತಹ ರಂಧ್ರಗಳೇ ಬೇಕು.

ಈ ಫೀನಾಲಿನ ಮೂಲವು ಕನ್ನಡಿಗರಿಗೆ ಅಪರಿಚಿತವಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ದೊರೆಯುವ ಕಾರ್ಡನಾಲಿಗೆ ಜಲಜನಕವನ್ನು ಕೂಡಿಸಿ ಇದನ್ನು ಪಡೆಯಬಹುದು. ಕರಾವಳಿಯ ಗೇರು ಕಾರ್ಖಾನೆಗಳಲ್ಲಿ ದುಡಿಯುವವರ ಕೈ ಸುಡುವ ಎಣ್ಣೆಯದು. ಅದರಿಂದಲೇ ಇಂತಹ ನಾಜೂಕಾದ ಕಟ್ಟಡವು ಏಳುವುದೆಂದರೆ, ಯಾವ ವಸ್ತುವನ್ನೂ ಕೀಳೆಂದು ಬದಿಗಿಡುವ ಮುನ್ನ ಅದರ ಗುಣವನ್ನರಿಯಬೇಕೆಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾಗದಿರದು.