ಮಕ್ಕಳ ಕೈಯ ಮೊಬೈಲು ಮತ್ತು ಹೆತ್ತವರ ಹೊಣೆ

ಮಕ್ಕಳು ಅಲ್ಲಾಹನು ನಮ್ಮ ವಶಕ್ಕೆ ಒಪ್ಪಿಸಿದ ಅಮಾನತ್. ನಾಳೆ ಪರಲೋಕದಲ್ಲಿ ಈ ಅಮಾನತ್ತಿನ ಲೆಕ್ಕವನ್ನು ನಾವು ಒಪ್ಪಿಸಬೇಕಾಗಿದೆ. ಪ್ರತಿಯೊಬ್ಬನೂ ಒಬ್ಬ ಕುರುಬನೆಂದೂ ತನ್ನ ಮಂದೆಯ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿರುವ ಈ ಹದೀಸನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಕುರುಬನ ಕೆಲಸವೇನೆಂದು ಯೋಚಿಸಿದ್ದೇವೆಯೇ? ಮಂದೆಯನ್ನು ಸದಾ ಹಟ್ಟಿಯಲ್ಲಿ ಕೂಡಿ ಹಾಕುವವನು ಕುರುಬನಲ್ಲ. ಹಾಗೆ ಮಾಡಿದರೆ ಕುರಿಗಳು ಹಸಿವಿನಿಂದ ಸಾಯುತ್ತವೆ. ಮೇಯಲು ಬಿಟ್ಟು ತಾನು ಮರದಡಿ ಮಲಗುವವನೂ ಕುರುಬನಲ್ಲ. ಕುರಿಯೊಂದು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಇರುವವನೇ ಕುರುಬ.

ನಮ್ಮ ಮಾಣಿಯನ್ನೇ ನೋಡಿರಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಪುತ್ತೂರು, ಸುಳ್ಯ, ಮಡಿಕೇರಿ ಮಾರ್ಗವಾಗಿ ಮೈಸೂರಿಗೆ ಹೋಗುವ ರಸ್ತೆ ಕವಲೊಡೆಯುವುದು ಇಲ್ಲಿಯೇ. ಚಿಕ್ಕ ಮಗುವನ್ನು ಇಲ್ಲಿ ಕೈಹಿಡಿದು ರಸ್ತೆ ದಾಟಿಸುತ್ತೇವೆ. ಸ್ವಲ್ಪ ದೊಡ್ಡವನಾದಾಗ ಪಕ್ಕದಲ್ಲಿ ನಿಂತು, ಎರಡೂ ಕಡೆ ನೋಡಲು ಹೇಳಿಕೊಡುತ್ತೇವೆ. ಮತ್ತೆ ಅವನೇ ದಾಟುತ್ತಾನೆ. ಲಾರಿಗಳು ಓಡುತ್ತವೆಂದು ಮಗುವನ್ನು ಹದಿನೆಂಟು ವರ್ಷ ಮನೆಯಲ್ಲಿ ಕೂರಿಸುವುದಿಲ್ಲ. ಏಳು ವರ್ಷದ ಮಗುವನ್ನು ರಸ್ತೆಯ ನಡುವೆ ಒಂಟಿಯಾಗಿ ಬಿಡುವುದೂ ಇಲ್ಲ. ಆದರೆ ಮೊಬೈಲಿನ ವಿಷಯದಲ್ಲಿ ನಮ್ಮಲ್ಲಿ ಅನೇಕರು ಈ ಎರಡರಲ್ಲಿ ಒಂದನ್ನು ಮಾಡುತ್ತಿದ್ದಾರೆ.

ಮೊಬೈಲು ಇಂದು ನಮ್ಮ ಮನೆಗಳಿಗೆ ಅನಿವಾರ್ಯವಾಗಿದೆ. ಗಲ್ಫಿನಲ್ಲಿ ದುಡಿಯುವ ತಂದೆಯ ಮುಖವನ್ನು ಮಕ್ಕಳು ಕಾಣುವುದು ಅದರಲ್ಲೇ. 2020ರಲ್ಲಿ ಕೊರೋನದಿಂದಾಗಿ ಶಾಲೆ, ಮದ್ರಸಗಳು ಮುಚ್ಚಿದಾಗ ಪಾಠಗಳು ಅದರಲ್ಲೇ ನಡೆದವು. ಅದನ್ನು ಬೈದು ಪ್ರಯೋಜನವಿಲ್ಲ. ಅಪಾಯ ಯಾವುದು, ಕಾವಲು ಹೇಗೆ ಎಂಬುದನ್ನು ಅರಿಯುವುದೇ ವಿವೇಕ.

ಅಪಾಯ ಬರುವ ದಾರಿ

ಮಗುವಿನ ಬಳಿಗೆ ಅಪಾಯವು ಶತ್ರುವಿನ ವೇಷದಲ್ಲಿ ಬರುವುದಿಲ್ಲ. ಗೆಳೆತನದ ವೇಷದಲ್ಲಿ ಬರುತ್ತದೆ. ಇನ್‌ಸ್ಟಾಗ್ರಾಮಿನಲ್ಲೋ ಆಟದ ಆಪ್‌ನಲ್ಲೋ ಅಪರಿಚಿತನೊಬ್ಬ ಪರಿಚಯ ಮಾಡಿಕೊಳ್ಳುತ್ತಾನೆ. ಅವನ ಚಿತ್ರ ಮಗುವಿನ ಪ್ರಾಯದ ಹುಡುಗನದ್ದೋ ಹುಡುಗಿಯದ್ದೋ ಆಗಿರುತ್ತದೆ. ಮೊದಲು ಹೊಗಳಿಕೆ, ಮತ್ತೆ ಆಟದ ಉಡುಗೊರೆ, ಮತ್ತೆ ಮನೆಯವರಿಗೆ ಹೇಳಬೇಡ ಎಂಬ ಮಾತು. ಈ ಕೊನೆಯ ಮಾತನ್ನು ಮಕ್ಕಳಿಗೆ ವಿಶೇಷವಾಗಿ ಗುರುತಿಸಲು ಕಲಿಸಿರಿ. ಹೆತ್ತವರಿಂದ ಮುಚ್ಚಿಡಲು ಹೇಳುವ ಗೆಳೆಯ ಗೆಳೆಯನಲ್ಲ. ಅನಂತರ ಚಿತ್ರವೊಂದನ್ನು ಕೇಳುತ್ತಾನೆ, ಅಥವಾ ವಿಡಿಯೋ ಕರೆ ಮಾಡಿ ಅದನ್ನು ದಾಖಲಿಸಿಕೊಳ್ಳುತ್ತಾನೆ. ಅದು ಕೈಗೆ ಸಿಕ್ಕಿದ ಕ್ಷಣವೇ ಧ್ವನಿ ಬದಲಾಗುತ್ತದೆ. ಹಣ ಕೊಡು, ಇಲ್ಲವಾದರೆ ನಿನ್ನ ಬಂಧುಗಳಿಗೆಲ್ಲ ಕಳುಹಿಸುತ್ತೇನೆಂಬ ಬೆದರಿಕೆ ಬರುತ್ತದೆ. ಇದು ಹೆಣ್ಣುಮಕ್ಕಳಿಗೆ ಮಾತ್ರ ಬರುವ ಕಷ್ಟವೆಂದು ತಿಳಿಯಬೇಡಿರಿ. ಹಣಕ್ಕಾಗಿ ಬೆದರಿಸುವವರ ಬಲೆಗೆ ಗಂಡುಮಕ್ಕಳೂ ಬೀಳುತ್ತಾರೆ.

ಈಗ ಚಿತ್ರ ಕಳುಹಿಸಬೇಕೆಂದೂ ಇಲ್ಲ. ಸಾಮಾನ್ಯ ಭಾವಚಿತ್ರವೊಂದರಿಂದ ಕೃತಕ ಬುದ್ಧಿಮತ್ತೆಯ ಮೂಲಕ ಅಶ್ಲೀಲ ಚಿತ್ರವನ್ನು ತಯಾರಿಸುವವರಿದ್ದಾರೆ. ಆದ್ದರಿಂದ ಯಾವ ತಪ್ಪನ್ನೂ ಮಾಡದ ಮಗುವೂ ಈ ಬೆದರಿಕೆಗೆ ಗುರಿಯಾಗಬಹುದು.

ಮಗು ಏಕೆ ಹೇಳುವುದಿಲ್ಲ?

ಬೆದರಿಸುವವನ ದೊಡ್ಡ ಆಯುಧ ಚಿತ್ರವಲ್ಲ, ಮಗುವಿನ ಭಯ. ಆ ಭಯ ಅವನದ್ದಲ್ಲ, ನಮ್ಮದು. ಬಾಪನಿಗೆ ತಿಳಿದರೆ ಹೊಡೆದಾರು, ಉಮ್ಮನಿಗೆ ತಿಳಿದರೆ ಶಾಲೆ ಬಿಡಿಸಿಯಾರು, ಮೊಬೈಲು ಕಸಿದಾರು ಎಂಬ ಹೆದರಿಕೆಯಿಂದ ಮಗು ಒಂಟಿಯಾಗಿ ನರಳುತ್ತದೆ. ಮಗು ಒಂಟಿಯಾದಷ್ಟೂ ಬೆದರಿಸುವವನ ಹಿಡಿತ ಬಿಗಿಯಾಗುತ್ತದೆ. ಈ ಹಿಡಿತದಲ್ಲಿ ಸಿಲುಕಿ ಪ್ರಾಣ ಕಳೆದುಕೊಂಡ ಎಳೆಯರೂ ಲೋಕದಲ್ಲಿದ್ದಾರೆ. ಅವರಲ್ಲಿ ಎಷ್ಟೋ ಮಂದಿಯನ್ನು ಮನೆಯವರ ಒಂದು ಸಮಾಧಾನದ ಮಾತು ಉಳಿಸಬಹುದಾಗಿತ್ತು.

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವು ಹೇಗೆ ಪ್ರಾರಂಭವಾಗುತ್ತದೆಂದು ನೆನಪಿಸಿಕೊಳ್ಳಿರಿ. ಬಾಲಕ ಯೂಸುಫ್(ಅ) ವಿಚಿತ್ರವಾದ ಕನಸನ್ನು ಕಂಡು ಮೊದಲು ತಂದೆಯ ಬಳಿಗೆ ಹೋಗುತ್ತಾರೆ. ತಂದೆ ಯಾಕೂಬ್(ಅ) ಅದನ್ನು ನಗೆಯಾಡಲಿಲ್ಲ, ಗದರಿಸಲಿಲ್ಲ. ಪೂರ್ತಿ ಕೇಳಿ, ಈ ವಿಷಯವನ್ನು ಯಾರಿಗೆ ಹೇಳಬಾರದು, ಅಪಾಯ ಎಲ್ಲಿಂದ ಬರಬಹುದು ಎಂದು ಮೃದುವಾಗಿ ತಿಳಿಸಿದರು (12:4-5). ಮಗು ಮೊದಲು ಬಂದು ಹೇಳುವ ಮನೆ ಎಂದರೆ ಅದು.

ಇನ್ನೊಂದು ಘಟನೆಯನ್ನು ಅಬೂ ಉಮಾಮ(ರ)ರಿಂದ ಇಮಾಮ್ ಅಹ್ಮದ್ ವರದಿ ಮಾಡಿದ್ದಾರೆ. ಯುವಕನೊಬ್ಬ ಪ್ರವಾದಿ(ಸ)ರ ಬಳಿಗೆ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದ. ಅಲ್ಲಿದ್ದವರು ಅವನನ್ನು ಗದರಿಸಿದರು. ಪ್ರವಾದಿವರ್ಯರು(ಸ) ಅವನನ್ನು ತಮ್ಮ ಹತ್ತಿರಕ್ಕೆ ಕರೆದು ಕೂರಿಸಿದರು. ನಿನ್ನ ತಾಯಿಗೆ, ಮಗಳಿಗೆ, ಸಹೋದರಿಗೆ ಇದನ್ನು ಬಯಸುವೆಯಾ ಎಂದು ಒಂದೊಂದಾಗಿ ಕೇಳಿದರು. ಅನಂತರ ಅವನ ಮೇಲೆ ಕೈಯಿಟ್ಟು, ಅವನ ಪಾಪ ಮನ್ನಿಸಲ್ಪಡಲೆಂದೂ ಹೃದಯ ಶುದ್ಧವಾಗಲೆಂದೂ ಶೀಲ ಸುರಕ್ಷಿತವಾಗಲೆಂದೂ ಪ್ರಾರ್ಥಿಸಿದರು. ಅವನು ಮತ್ತೆಂದೂ ಆ ಕಡೆ ತಿರುಗಲಿಲ್ಲ. ನಾಚಿಕೆಯ ವಿಷಯವನ್ನು ಎತ್ತಿಕೊಂಡು ಬಂದ ಯುವಕನನ್ನು ದೂರ ತಳ್ಳುವುದು ಸುಲಭ, ಹತ್ತಿರ ಕರೆಯುವುದು ಸುನ್ನತ್. ನಿಮ್ಮ ಮಗ ಅಥವಾ ಮಗಳು ತಡವರಿಸುತ್ತಾ ಮೊಬೈಲಿನ ವಿಷಯವೊಂದನ್ನು ಹೇಳತೊಡಗಿದಾಗ ನಿಮ್ಮ ಮುಖದ ಮೇಲೆ ಮೊದಲು ಏನು ಕಾಣುತ್ತದೆ? ಮುಂದಿನದ್ದೆಲ್ಲ ಅದನ್ನೇ ಹೊಂದಿಕೊಂಡಿದೆ.

ಕಾವಲು ಬೇರೆ, ಗೂಢಚಾರಿಕೆ ಬೇರೆ

ಇತರರ ಗುಟ್ಟನ್ನು ಹುಡುಕುವುದನ್ನು ಅಲ್ಲಾಹನು ನಿಷೇಧಿಸಿದ್ದಾನೆ (49:12). ಹಾಗಾದರೆ ಹೆತ್ತವರು ಮಗುವಿನ ಮೊಬೈಲನ್ನು ನೋಡಬಾರದೇ? ಹಾಗಲ್ಲ. ತನ್ನ ಹೊಣೆಯಲ್ಲಿರುವ ಎಳೆಯ ಮಗುವಿಗೆ ಕಾವಲಿರುವುದು ಕರ್ತವ್ಯ. ಆದರೆ ಅದನ್ನು ಮೊದಲೇ ತಿಳಿಸಿ ಮಾಡಿರಿ. ಮಗು ನಿದ್ರಿಸಿದಾಗ ಕದ್ದು ನೋಡಿ, ಸಿಕ್ಕಿದ್ದನ್ನು ಬಂಧುಗಳ ಮುಂದೆ ಎತ್ತಿ ಆಡಿದರೆ, ಮಗು ಒಳ್ಳೆಯದಾಗುವುದಿಲ್ಲ; ಇನ್ನಷ್ಟು ಚೆನ್ನಾಗಿ ಅಡಗಿಸಲು ಕಲಿಯುತ್ತದೆ.

ಕೆಲವು ಕ್ರಮಗಳನ್ನು ಇಂದೇ ಪ್ರಾರಂಭಿಸಬಹುದು. ಹತ್ತು ಹನ್ನೆರಡು ವರ್ಷದವರೆಗೆ ಮಗುವಿಗೆ ಸ್ವಂತ ಮೊಬೈಲು ಬೇಡ. ಮನೆಯ ಮೊಬೈಲನ್ನು ಎಲ್ಲರೂ ಕೂರುವ ಕೋಣೆಯಲ್ಲೇ ಬಳಸಲಿ. ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಉಚಿತ ಸೌಲಭ್ಯದಿಂದ ಹೆತ್ತವರು ಆಪ್‌ಗಳಿಗೆ ಅನುಮತಿ ಕೊಡಬಹುದು, ಸಮಯದ ಮಿತಿ ಇಡಬಹುದು. ವಾಟ್ಸಾಪ್‌ನಲ್ಲಿ ಭಾವಚಿತ್ರವನ್ನು ಯಾರು ನೋಡಬಹುದು, ಗುಂಪಿಗೆ ಯಾರು ಸೇರಿಸಬಹುದು ಎಂಬುದನ್ನು ಪರಿಚಿತರಿಗೆ ಮಾತ್ರ ಸೀಮಿತಗೊಳಿಸಿರಿ. ಇನ್‌ಸ್ಟಾಗ್ರಾಮ್ ಹದಿಮೂರು ವರ್ಷಕ್ಕಿಂತ ಕೆಳಗಿನವರಿಗಲ್ಲ. 2025ರಲ್ಲಿ ಅದು ಭಾರತದಲ್ಲಿ ಹದಿಹರೆಯದವರ ಖಾತೆಗಳನ್ನು ತಾನಾಗಿಯೇ ಖಾಸಗಿಗೊಳಿಸುವ ವ್ಯವಸ್ಥೆಯನ್ನು ತಂದಿತು. ಆದರೆ ಖಾತೆ ತೆರೆಯುವಾಗ ಹುಟ್ಟಿದ ವರ್ಷವನ್ನು ಸುಳ್ಳು ಬರೆದಿದ್ದರೆ ಆ ಬೇಲಿಯಿಂದ ಪ್ರಯೋಜನವಿಲ್ಲ. ಆ ಸುಳ್ಳನ್ನು ಎಷ್ಟೋ ಮನೆಗಳಲ್ಲಿ ಹೆತ್ತವರೇ ಬರೆದು ಕೊಡುತ್ತಾರೆ!

ಫಜ್ರ್‌ಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ಇಶಾದ ನಂತರ ಹೀಗೆ ಮೂರು ಸಮಯಗಳಲ್ಲಿ ಚಿಕ್ಕ ಮಕ್ಕಳೂ ಅನುಮತಿ ಕೇಳಿಯೇ ಒಳಗೆ ಬರಬೇಕೆಂದು ಕುರ್‌ಆನ್ ಕಲಿಸಿದೆ (24:58). ಮನೆಯೊಳಗೂ ಮರೆಯೆಂಬುದಿದೆ ಎಂಬ ಪಾಠವನ್ನು ಮಗುವಿಗೆ ಅಷ್ಟು ಎಳವೆಯಲ್ಲೇ ಕೊಡಲಾಗಿದೆ. ಮಲಗುವ ಕೋಣೆಗೆ ಅನುಮತಿಯಿಲ್ಲದೆ ಇಡೀ ಲೋಕವನ್ನು ಕರೆತರುವ ಮೊಬೈಲಿಗೂ ಈ ಪಾಠದಿಂದ ಒಂದು ಶಿಸ್ತನ್ನು ನಾವು ಮಾಡಿಕೊಳ್ಳಬಹುದು. ಇಶಾದ ನಂತರ ಮನೆಯ ಎಲ್ಲ ಮೊಬೈಲುಗಳೂ ಚಾವಡಿಯ ಒಂದು ಕಪಾಟಿನಲ್ಲಿ ಮಲಗಲಿ. ಬಾಪನ ಮೊಬೈಲೂ ಅಲ್ಲೇ ಇರಲಿ. ತಾನು ಪಾಲಿಸದ ನಿಯಮವನ್ನು ಹೇರುವ ತಂದೆಯ ಮಾತು ಹೆಚ್ಚು ದಿನ ನಡೆಯುವುದಿಲ್ಲ.

ಹಂಚುವ ಬೆರಳು

ನಮ್ಮ ಮಕ್ಕಳಿಗೆ ಕೇಡಾಗದಂತೆ ನೋಡುವಷ್ಟೇ ಮುಖ್ಯ, ನಮ್ಮ ಮಕ್ಕಳಿಂದ ಕೇಡಾಗದಂತೆ ನೋಡುವುದು. 2019ರ ಜುಲೈಯಲ್ಲಿ ನಮ್ಮ ಪಕ್ಕದ ಪುತ್ತೂರಿನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ದೌರ್ಜನ್ಯದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಐವರು ಯುವಕರನ್ನು ಪೊಲೀಸರು ಬಂಧಿಸಿದರು. ವಿಡಿಯೋವನ್ನು ಹಂಚಿದವರ ಮೇಲೂ ಕ್ರಮ ಕೈಗೊಂಡರು. ಅಯ್ಯೋ ಪಾಪ ಎನ್ನುತ್ತಲೇ ಮುಂದಕ್ಕೆ ಕಳುಹಿಸಿದ ಪ್ರತಿಯೊಬ್ಬನೂ ಆ ಹೆಣ್ಣುಮಗಳ ನೋವನ್ನು ಮತ್ತೊಮ್ಮೆ ಹೆಚ್ಚಿಸಿದವನೇ ಆಗಿದ್ದಾನೆ.

2022ರ ಜನವರಿಯ ಮೊದಲ ದಿನ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು, ಅವರನ್ನು ಹರಾಜಿಗಿಟ್ಟಂತೆ ತೋರಿಸಿದ ಬುಲ್ಲಿ ಬಾಯಿ ಎಂಬ ಆಪ್ ಕಾಣಿಸಿಕೊಂಡಿತು. ಆ ಮಹಿಳೆಯರು ಮಾಡಿದ ತಪ್ಪೇನೂ ಇರಲಿಲ್ಲ. ಅವರು ನಾಚಿ ಬಾಗಿಲು ಮುಚ್ಚಿ ಕೂರಲಿಲ್ಲ, ದೂರು ಕೊಟ್ಟರು. ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ, ಇನ್ನೊಬ್ಬಳು ಉತ್ತರಾಖಂಡದ 18 ವರ್ಷದ ಹುಡುಗಿ. ಎಳೆಯ ಪ್ರಾಯದವರ ಮೇಲೆ ಇಂತಹ ಆರೋಪ ಬಂದಾಗ ನಮ್ಮಲ್ಲಿ ಏಳಬೇಕಾದ ಪ್ರಶ್ನೆ ಒಂದಿದೆ. ನಮ್ಮ ಮಗ ಮೊಬೈಲಿನಲ್ಲಿ ಯಾರ ಮಗಳ ಬಗ್ಗೆ ಏನು ಮಾತಾಡುತ್ತಿದ್ದಾನೆಂದು ನಮಗೆ ತಿಳಿದಿದೆಯೇ?

ಆಯಿಶಾ(ರ)ರ ಮೇಲೆ ಅಪವಾದ ಹೊರಿಸಲಾದಾಗ, ತಿಳಿಯದ ಮಾತನ್ನು ನಾಲಗೆಯಿಂದ ನಾಲಗೆಗೆ ದಾಟಿಸಿದವರನ್ನು ಅಲ್ಲಾಹನು ಕಟುವಾಗಿ ಎಚ್ಚರಿಸಿದನು. ಅವರು ಹಗುರವೆಂದು ಬಗೆದದ್ದು ಅವನ ಬಳಿ ಘೋರವಾಗಿತ್ತು (24:15). ಅಂದು ನಾಲಗೆ ಮಾಡಿದ್ದನ್ನು ಇಂದು ಬೆರಳು ಮಾಡುತ್ತಿದೆ. ದೇಶದ ಕಾನೂನು ಕೂಡಾ ಇದನ್ನು ಹಗುರವಾಗಿ ಕಾಣುವುದಿಲ್ಲ. ಹದಿನೆಂಟು ತುಂಬದವರ ಅಶ್ಲೀಲ ಚಿತ್ರಗಳನ್ನು ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲು ಮತ್ತು ಹತ್ತು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

ಬೆದರಿಕೆ ಬಂದರೆ ಮಾಡಬೇಕಾದದ್ದು

1. ಮೊದಲು ಮಗುವನ್ನು ಹತ್ತಿರ ಕೂರಿಸಿ, ನೀನು ಹೇಳಿದ್ದು ಒಳ್ಳೆಯದಾಯಿತು, ನಾವಿದ್ದೇವೆ ಎಂದು ಹೇಳಿರಿ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಉಪದೇಶಕ್ಕೆ ನಾಳೆ ಸಮಯವಿದೆ.

2. ಹಣ ಕೊಡಬೇಡಿರಿ. ಒಮ್ಮೆ ಕೊಟ್ಟವರಲ್ಲಿ ಮತ್ತೆ ಕೇಳುತ್ತಾರೆ.

3. ಸಂದೇಶಗಳನ್ನು ಅಳಿಸಬೇಡಿರಿ. ಬೆದರಿಸಿದವನ ಸಂಖ್ಯೆ, ಖಾತೆಯ ಹೆಸರು, ಸಂದೇಶ, ದಿನಾಂಕ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟು, ಅನಂತರ ಅವನನ್ನು ತಡೆಹಿಡಿಯಿರಿ.

4. ಹತ್ತಿರದ ಠಾಣೆಯಲ್ಲಿ, ಮಂಗಳೂರಿನ ಸಿ.ಇ.ಎನ್. ಅಪರಾಧ ಠಾಣೆಯಲ್ಲಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ; ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ಹಣವನ್ನು ತಡೆಯುವ ಅವಕಾಶ ಹೆಚ್ಚು. ಮಕ್ಕಳ ಸಹಾಯವಾಣಿ 1098.

5. ಚಿತ್ರ ಹರಡುವ ಭಯವಿದ್ದರೆ, ಹದಿನೆಂಟಕ್ಕಿಂತ ಮೊದಲು ತೆಗೆದ ಚಿತ್ರಗಳಿಗಾಗಿ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಿದೆ. ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರವೊಂದು ಇದನ್ನು ನಡೆಸುತ್ತದೆ. ಚಿತ್ರವು ನಿಮ್ಮ ಮೊಬೈಲಿನಿಂದ ಹೊರಗೆ ಹೋಗುವುದಿಲ್ಲ. ಬೆರಳಚ್ಚಿನಂತಹ ಒಂದು ಸಂಕೇತ ಮಾತ್ರ ಹೋಗುತ್ತದೆ. ಇದರಲ್ಲಿ ಭಾಗವಹಿಸುವ ಕಂಪೆನಿಗಳು ಆ ಸಂಕೇತದ ಮೂಲಕ ತಮ್ಮಲ್ಲಿರುವ ಚಿತ್ರವನ್ನು ಗುರುತಿಸಿ ತೆಗೆಯುತ್ತವೆ.

ದೂರು ಕೊಟ್ಟರೆ ಮಾನ ಹೋದೀತೆಂದು ಅನೇಕರು ಹಿಂಜರಿಯುತ್ತಾರೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯು ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸುವುದನ್ನು ನಿಷೇಧಿಸಿದೆ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ.

ಜಮಾಅತಿಗೂ ಯುವ ಕಾರ್ಯಕರ್ತರಿಗೂ ಒಂದು ಮಾತು

ಮದ್ರಸದ ಉಸ್ತಾದರೂ ಯುವ ಸಂಘಟನೆಗಳ ಕಾರ್ಯಕರ್ತರೂ ಮಕ್ಕಳೊಂದಿಗೆ ಖಾಸಗಿಯಾಗಿ ಸಂದೇಶ ವಿನಿಮಯ ಮಾಡದಿರಲಿ. ಗುಂಪಿನಲ್ಲಿ ಇಬ್ಬರು ಹಿರಿಯರೂ ಹೆತ್ತವರೂ ಇರಲಿ. ಮೀಲಾದ್ ಕಾರ್ಯಕ್ರಮದ ಚಿತ್ರಗಳನ್ನು ಮಕ್ಕಳ ಹೆಸರು, ತರಗತಿ ಸಹಿತ ಹಂಚದಿರಲಿ. ಹೆಣ್ಣುಮಕ್ಕಳು ಧೈರ್ಯವಾಗಿ ಹೇಳಿಕೊಳ್ಳಲು ಪ್ರತಿ ಮೊಹಲ್ಲಾದಲ್ಲೂ ನಂಬಿಕಸ್ಥ ಮಹಿಳೆಯರು ಇಬ್ಬರಾದರೂ ಇರಲಿ.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದು ತಿಳಿದಾಗ, ಊರಿನ ಮರ್ಯಾದೆಯ ಹೆಸರಿನಲ್ಲಿ ನಾಲ್ಕು ಜನ ಕೂತು ರಾಜಿ ಮಾಡಿ ಮುಗಿಸುವುದು ನ್ಯಾಯವಲ್ಲ. ಪೋಕ್ಸೋ ಪ್ರಕಾರ ಅದನ್ನು ತಿಳಿದ ಪ್ರತಿಯೊಬ್ಬ ವಯಸ್ಕನೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಸಹೋದರನ ಕುಂದನ್ನು ಮರೆಮಾಡಬೇಕೆಂದು ಕಲಿಸಿದ ಪ್ರವಾದಿ(ಸ)ರೇ, ಅಕ್ರಮಿಗೆ ಸಹಾಯ ಮಾಡುವುದೆಂದರೆ ಅವನ ಕೈ ಹಿಡಿದು ಅಕ್ರಮವನ್ನು ತಡೆಯುವುದೆಂದೂ ಕಲಿಸಿದ್ದಾರೆ. ಮರೆ ಬೇಕಾದದ್ದು ನೊಂದ ಮಗುವಿಗೆ, ನೋಯಿಸಿದವನಿಗಲ್ಲ.

ಓದುಗರೇ, ಈ ಪುಟವನ್ನು ಮುಚ್ಚಿದ ನಂತರ ಒಂದು ಕೆಲಸ ಮಾಡಿರಿ. ಇಂದು ರಾತ್ರಿ ಊಟದ ಹೊತ್ತಿನಲ್ಲಿ ನಿಮ್ಮ ಮಕ್ಕಳಿಗೆ ಇಷ್ಟನ್ನು ಹೇಳಿರಿ: ಮೊಬೈಲಿನಲ್ಲಿ ಏನೇ ಆಗಲಿ, ನಿನ್ನಿಂದಲೇ ತಪ್ಪಾಗಿರಲಿ, ಮೊದಲು ನಮ್ಮಲ್ಲಿ ಬಂದು ಹೇಳು, ಹೇಳಿದ್ದಕ್ಕಾಗಿ ನಿನ್ನನ್ನು ಹೊಡೆಯುವುದಿಲ್ಲ. ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿರಿ. ವಾಗ್ದಾನ ಪಾಲನೆಯೂ ಈಮಾನಿನ ಭಾಗವಾಗಿದೆ.

ಕರುಣಾಮಯನಾದ ಅಲ್ಲಾಹನು ನಮ್ಮ ಮಕ್ಕಳನ್ನು ಕಾಣುವ ಹಾಗೂ ಕಾಣದ ಎಲ್ಲ ಕೇಡುಗಳಿಂದ ಕಾಪಾಡಲಿ. ಅವರ ಕೂಗು ನಮಗೆ ಕೇಳಿಸುವಂತೆ ಮಾಡಲಿ. ಆಮೀನ್.